ಯಾವ ಮನೆಯಲ್ಲಿ ಎಂದು ಕೇಳದ ಮೂವತ್ತು ಪ್ರಶ್ನೆಗಳು

1941ರ ಜೂನ್ ತಿಂಗಳಲ್ಲಿ ನಾನು ಧಾರವಾಡದ ಹೆಣ್ಣುಮಕ್ಕಳ ಟ್ರೇನಿಂಗ್ ಕಾಲೇಜೊಂದರಲ್ಲಿ ಅಸಿಸ್ಟಂಟ್ ಆಗಿದ್ದೆ. ಹೆಸರಿಗೆ ಅಸಿಸ್ಟಂಟ್. ಮನಶ್ಶಾಸ್ತ್ರದ ಪಾಠ ನನ್ನದು, ಮಾದರಿ ಪಾಠಗಳ ಮೇಲ್ವಿಚಾರಣೆ ನನ್ನದು, ವಸತಿಗೃಹದ ಜೋಳ, ಬೇಳೆ, ಚಿಮಣಿ ಎಣ್ಣೆಯ ಚಿಂತೆಯೂ ನನ್ನದೇ. ಯುದ್ಧ ನಡೆದಿತ್ತು. ಅಂಗಡಿಯವರು ಎಣ್ಣೆ ಇಲ್ಲ ಎಂದರೆ ಹುಡುಗಿಯರು ಓದಿಲ್ಲ ಎನ್ನುತ್ತಿದ್ದರು, ಓದಿಲ್ಲ ಎಂದರೆ ಮೇಲಿನವರು ನನ್ನನ್ನು ಕೇಳುತ್ತಿದ್ದರು. ಆಗ ನನಗೆ ಮೂವತ್ತೆಂಟು ವರ್ಷ. ಆದರೆ ಕನ್ನಡಿ ಐವತ್ತು ಎನ್ನುತ್ತಿತ್ತು.

ನಮ್ಮಲ್ಲಿಗೆ ಬರುತ್ತಿದ್ದವರು ಮುಲ್ಕಿ ಪಾಸಾದ ಹೆಣ್ಣುಮಕ್ಕಳು. ಮುಲ್ಕಿ ಎಂದರೆ ಆಗಿನ ಏಳನೆಯ ಇಯತ್ತೆಯ ಸರಕಾರಿ ಪರೀಕ್ಷೆ. ಎರಡು ವರ್ಷ ನಮ್ಮಲ್ಲಿ ಕಲಿತರೆ ಹಳ್ಳಿಯ ಹೆಣ್ಣುಮಕ್ಕಳ ಶಾಲೆಗಳಲ್ಲಿ ಮಾಸ್ತರಿಕೆ ಸಿಗುತ್ತಿತ್ತು. ಆ ವರ್ಷ ಮೊದಲನೆಯ ವರ್ಷಕ್ಕೆ ಮೂವತ್ತಾರು ಜನ ಸೇರಿದ್ದರು.

ಅದೇ ಜೂನ್‌ನಲ್ಲಿ ನಮ್ಮ ಭಾಗಕ್ಕೆ ಹೊಸ ಶಾಲಾ ಇನ್‌ಸ್ಪೆಕ್ಟರ್ ಬಂದರು. ವಿಲಾಯತಿಯಲ್ಲಿ ಕಲಿತವರು, ಕೆಟ್ಟವರಲ್ಲ. ಆದರೆ ಕಲಿತದ್ದನ್ನು ಲಗೂನೆ ಯಾರ ಮೇಲಾದರೂ ಪ್ರಯೋಗ ಮಾಡಬೇಕೆಂಬ ಆತುರ ಅವರಿಗೆ ಬಹಳ. ಅವರ ಪೆಟ್ಟಿಗೆಯಲ್ಲಿ ಒಂದು ಇಂಗ್ಲಿಷ್ ಪ್ರಶ್ನಪತ್ರಿಕೆ ಇತ್ತು. ಮೂವತ್ತು ಪ್ರಶ್ನೆ, ಎಲ್ಲಕ್ಕೂ ಹೌದು ಅಥವಾ ಇಲ್ಲ ಎಂದಷ್ಟೇ ಉತ್ತರ. ಒಂದು ಹೌದಿಗೆ ಒಂದರಂತೆ ಅಂಕ ಕೂಡಿಸಿದರೆ ಮನುಷ್ಯ ಎಕ್ಸ್‌ಟ್ರೋವರ್ಟೋ ಇಂಟ್ರೋವರ್ಟೋ ಗೊತ್ತಾಗುತ್ತದೆ ಎಂದರು. ಜನರೊಂದಿಗೆ ಬೆರೆತು ಮಾತಾಡುವ ಸ್ವಭಾವಕ್ಕೆ ನಾನು ಹೊರಮುಖಿ ಎಂದು ಕನ್ನಡ ಮಾಡಿದೆ, ತನ್ನಷ್ಟಕ್ಕೆ ತಾನಿರುವ ಸ್ವಭಾವಕ್ಕೆ ಒಳಮುಖಿ ಎಂದೆ. ನಡುವಿನವರು ಮಿಶ್ರ, ಹೀಗೆ ಮೂರು ಮೆಟ್ಟಿಲು. ಇಪ್ಪತ್ತಕ್ಕೆ ಮೇಲೆ ಬಂದರೆ ಹೊರಮುಖಿ, ಹತ್ತಕ್ಕೆ ಕೆಳಗೆ ಬಂದರೆ ಒಳಮುಖಿ.

ಸಾಹೇಬರ ಉದ್ದೇಶ ಸರಳವಾಗಿತ್ತು. ಶಾಲೆಯೇ ಇಲ್ಲದ ಹಳ್ಳಿಗೆ ಹೋಗಿ ಹೊಸ ಶಾಲೆ ತೆರೆಯಬೇಕಾದರೆ ಮನೆ ಮನೆಗೆ ಹೋಗಿ ಮಾತಾಡಬೇಕು, ಅದಕ್ಕೆ ಹೊರಮುಖಿಗಳೇ ಬೇಕು. ಒಳಮುಖಿಗಳು ದೊಡ್ಡ ಶಾಲೆಗಳಲ್ಲಿ ಇನ್ನೊಬ್ಬರ ಕೈಕೆಳಗೆ ಇರಲಿ. ಖಚಿತವಾಗಲೆಂದು ಅದೇ ಪರೀಕ್ಷೆಯನ್ನು ವರ್ಷದಲ್ಲಿ ಎರಡು ಸಲ ಮಾಡಬೇಕು. ಎರಡನೆಯ ಸಲಕ್ಕೆ ಒಂದು ಮೆಟ್ಟಿಲು ಹೆಚ್ಚುಕಡಿಮೆಯಾದರೆ ಅಡ್ಡಿಯಿಲ್ಲ. ಮೇಲಿನ ಮೆಟ್ಟಿಲಿನಿಂದ ನೇರ ಕೆಳಗೆ ಬಿದ್ದವರನ್ನು, ಅಥವಾ ಕೆಳಗಿನಿಂದ ಮೇಲೆ ಹಾರಿದವರನ್ನು ‘ಸಂಶಯಾಸ್ಪದ’ ಎಂದು ಬರೆದು ಎರಡನೆಯ ವರ್ಷಕ್ಕೆ ಸೇರಿಸಕೂಡದು. ಒಂದು ಸಲವಾದರೂ ಸುಳ್ಳು ಬರೆದಿರಬೇಕಲ್ಲ, ಸುಳ್ಳು ಬರೆಯುವವರು ಮಕ್ಕಳಿಗೆ ಏನು ಕಲಿಸುತ್ತಾರೆ ಎಂಬುದು ಅವರ ತರ್ಕ.

ಪ್ರಶ್ನೆಗಳನ್ನು ಕನ್ನಡಕ್ಕೆ ಇಳಿಸಿದವಳು ನಾನೇ, ಆದ್ದರಿಂದ ಮುಂದೆ ಆದದ್ದರಲ್ಲಿ ನನ್ನ ಪಾಲೂ ಇದೆ. ‘ಹೊಸಬರೊಂದಿಗೆ ನೀವಾಗಿಯೇ ಮಾತು ತೆಗೆಯುತ್ತೀರಾ? ಜೋರಾಗಿ ನಗುತ್ತೀರಾ? ಬೇರೆಯವರ ಮಾತು ತಪ್ಪೆನಿಸಿದರೆ ಹೇಳುತ್ತೀರಾ? ನಾಲ್ಕು ಜನರ ಮುಂದೆ ಹಾಡುತ್ತೀರಾ?’ ಹೀಗೆ ಮೂವತ್ತು. ‘ಬಹಳ ವಿಚಾರ ಮಾಡಬ್ಯಾಡ್ರಿ, ಮೊದಲ ಏನ್ ಹೊಳೀತದೋ ಅದನ್ನ ಬರೀರಿ’ ಎಂದು ಮೇಲೆ ಒಂದು ಉಪದೇಶ ಬೇರೆ ಕೊಟ್ಟೆ.

ಮೊದಲನೆಯ ಪರೀಕ್ಷೆ ನಾಗರ ಪಂಚಮಿಯ ಸೂಟಿ ಮುಗಿಸಿ ಎಲ್ಲರೂ ತಿರುಗಿ ಬಂದ ವಾರ ನಡೆಯಿತು. ಎರಡನೆಯದು ಜನವರಿಯಲ್ಲಿ, ಕ್ರಿಸ್‌ಮಸ್ ಸೂಟಿಯ ನಂತರ. ಆ ಎರಡು ದಿನಗಳನ್ನು ಆರಿಸಿದ್ದಕ್ಕೆ ದೊಡ್ಡ ಕಾರಣವೇನೂ ಇರಲಿಲ್ಲ. ಸೂಟಿ ಮುಗಿದ ಮೊದಲ ದಿನಗಳಲ್ಲಿ ಪಾಠ ನಡೆಯುವುದು ಅಷ್ಟಕ್ಕಷ್ಟೇ, ಅದನ್ನಾದರೂ ಮಾಡಿ ಮುಗಿಸೋಣ ಎಂದುಕೊಂಡಿದ್ದೆ.

ಜನವರಿಯ ಅಂಕ ಕೂಡಿಸುವಾಗ ಒಂದು ಹೆಸರಿನ ಮುಂದೆ ನನ್ನ ಕೈ ನಿಂತಿತು. ನೀಲವ್ವ. ಮೊದಲ ಸಲ ಮೂವತ್ತಕ್ಕೆ ಇಪ್ಪತ್ತೇಳು, ಇಡೀ ವರ್ಗಕ್ಕೆ ಎಲ್ಲರಿಗಿಂತ ಹೆಚ್ಚು. ಈ ಸಲ ಐದು, ಎಲ್ಲರಿಗಿಂತ ಕಡಿಮೆ. ಎರಡು ಮೆಟ್ಟಿಲು ಕೆಳಗೆ ಬಿದ್ದವಳು ಅವಳೊಬ್ಬಳೇ.

ನೀಲವ್ವನಿಗೆ ಇಪ್ಪತ್ತೆರಡು ವರ್ಷ. ಗರಗದ ಒಕ್ಕಲುತನದ ಮನೆಯ ಮಗಳು, ಕಲಘಟಗಿ ದಾರಿಯಲ್ಲಿರುವ ಒಂದು ಹಳ್ಳಿಯ ಸೊಸೆ. ಅವಳ ಗಂಡನ ಬಲಗೈ ಹತ್ತಿ ಜಿನ್ನಿನ ಯಂತ್ರದಲ್ಲಿ ಸಿಕ್ಕು ಮೂರು ಬೆರಳು ಹೋಗಿದ್ದವು. ನೇಗಿಲು ಹಿಡಿಯಲಾರದ ಮಗನನ್ನು ನೋಡಿ ಮಾವ ಚನ್ನಬಸಪ್ಪನವರಿಗೆ ಸೊಸೆ ಮುಲ್ಕಿ ಪಾಸಾದದ್ದು ನೆನಪಾಯಿತು. ಊರವರ ಸಹಿ ಹಾಕಿಸಿ ತಮ್ಮ ಹಳ್ಳಿಗೆ ಹೆಣ್ಣುಮಕ್ಕಳ ಶಾಲೆ ಬೇಡಿದವರೂ ಅವರೇ. ಮುಂದೆ ಆ ಶಾಲೆಗೇ ಹೋಗುತ್ತಾಳೆ ಎಂಬ ಲೆಕ್ಕದ ಮೇಲೆಯೇ ನೀಲವ್ವನಿಗೆ ನಮ್ಮಲ್ಲಿ ಜಾಗ ಸಿಕ್ಕಿತ್ತು. ನಪಾಸಾದರೆ ಮತ್ತೆ ಕಲಿಸುವುದಿಲ್ಲ, ತಿರುಗಿ ಹೊಲಕ್ಕೆ ಎಂದು ಅವರು ಮೊದಲೇ ಹೇಳಿ ಬಿಟ್ಟುಹೋಗಿದ್ದರು. ಸಂಶಯಾಸ್ಪದ ಎಂಬ ಒಂದು ಪದ ಬಿದ್ದರೆ ಅವಳ ಓದು ಅಲ್ಲಿಗೆ ಮುಗಿಯುತ್ತಿತ್ತು.

ಸಾಹೇಬರು ಪಟ್ಟಿ ನೋಡಿದವರೇ, ‘ಇಕಿ ಒಂದ್ ಸರ್ತಿ ಸುಳ್ಳು ಬರದಾಳ. ಮನುಷ್ಯಾನ ಸ್ವಭಾವ ಹಬ್ಬಕ್ಕೊಂದು ತರಾ ಆಗೂದಿಲ್ಲ’ ಎಂದರು. ಎಂಟು ದಿನ ಪುರಸತ್ತು ಕೊಡಿ ಎಂದು ಕೇಳಿದೆ. ಕೊಟ್ಟರು.

ಖರೇ ಹೇಳಬೇಕೆಂದರೆ ನನಗೂ ಸಿಟ್ಟೇ ಬಂದಿತ್ತು. ಮಾದರಿ ಪಾಠದಲ್ಲಿ ಅವಳಷ್ಟು ಚುರುಕಾದವರು ಯಾರೂ ಇರಲಿಲ್ಲ. ಅಂಥವಳು ಹೀಗೇಕೆ ಆಟ ಆಡಿದಳು? ಕರೆಸಿ, ಎರಡೂ ಕಾಗದ ಮುಂದಿಟ್ಟು, ಯಾವುದು ಖರೇ ಎಂದು ಕೇಳಿದೆ.

ಅವಳು ಎರಡನ್ನೂ ಓದಿ ನೋಡಿದಳು. ಮುಖದಲ್ಲಿ ಕಳ್ಳತನವಿರಲಿಲ್ಲ, ಗಾಬರಿಯಷ್ಟೇ ಇತ್ತು. ‘ಎರಡೂ ಖರೇನ ಅದಾವ್ರಿ ಅಕ್ಕೋರ’ ಎಂದಳು.

‘ಹೆಂಗ? ಜೋರಾಗಿ ನಗತೀರೇನು ಅಂದ್ರ ಶ್ರಾವಣದಾಗ ಹೌದು, ಈಗ ಇಲ್ಲ. ಹೆಂಗ ಎರಡೂ ಖರೇ ಆಗ್ತಾವು?’

‘ಯಾವ ಮನ್ಯಾಗ ಅಂತ ನೀವು ಕೇಳಿದ್ದಿಲ್ಲಲ್ರಿ.’

ನನಗೆ ತಕ್ಷಣ ಹೊಳೆಯಲಿಲ್ಲ. ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಹೋಗುತ್ತಾರೆ. ನೀಲವ್ವ ಗರಗದಲ್ಲಿ ಗೆಳತಿಯರೊಂದಿಗೆ ಜೋಕಾಲಿ ಜೀಕಿ, ತಂಬಿಟ್ಟು ತಿಂದು, ಅಣ್ಣಂದಿರೊಂದಿಗೆ ಜಗಳಾಡಿ ಬಂದಿದ್ದಳು. ಡಿಸೆಂಬರ್ ಸೂಟಿಯಲ್ಲಿ ಹೋದದ್ದು ಗಂಡನ ಮನೆಗೆ. ಎಳ್ಳಮಾವಾಸ್ಯೆಯ ಚರಗಕ್ಕೆ, ಅಂದರೆ ಹೊಲಕ್ಕೆ ಎಡೆ ಹಾಕುವ ಊಟಕ್ಕೆ, ಮನೆಯ ಸೊಸೆಯೇ ಬುತ್ತಿ ಕಟ್ಟಬೇಕು. ಹದಿನೈದು ದಿನ ತಲೆ ತುಂಬ ಸೆರಗು, ಬಾಯಿಗೆ ಬೀಗ. ಮೊದಲು ಹೊಳೆದದ್ದನ್ನು ಬರೆಯಿರಿ ಎಂದು ನಾನು ಹೇಳಿದ್ದೆ. ಹೊಳೆದದ್ದನ್ನೇ ಬರೆದಿದ್ದಳು.

ಒಬ್ಬಳ ಮಾತು ಸಾಹೇಬರಿಗೆ ಸಾಕಾಗುವುದಿಲ್ಲವೆಂದು ಗೊತ್ತಿತ್ತು. ಆ ಭಾನುವಾರ ಎಪ್ಪತ್ತೆರಡು ಕಾಗದಗಳನ್ನು ಕೋಣೆಯ ನೆಲದ ಮೇಲೆ ಹರಡಿದೆ. ಸೊಂಟ ಹಿಡಿದುಕೊಂಡಿತ್ತು, ಅಡಿಗೆಯವಳು ಎರಡು ಸಲ ಬಂದು ಬೇಳೆ ಮುಗಿದದ್ದನ್ನು ಹೇಳಿಹೋದಳು. ಮೂವತ್ತಾರು ಜನರಲ್ಲಿ ಹದಿಮೂರು ಜನ ವಿಧವೆಯರು, ಒಂಬತ್ತು ಜನ ಮದುವೆಯಾಗದವರು. ಈ ಇಪ್ಪತ್ತೆರಡು ಜನರ ಅಂಕ ಎರಡೂ ಸಲ ಹತ್ತಿರ ಹತ್ತಿರ ಇದ್ದವು. ಉಳಿದ ಹದಿನಾಲ್ಕು ಜನ ಗಂಡನ ಮನೆಯುಳ್ಳವರು. ಅವರಲ್ಲಿ ಹನ್ನೆರಡು ಜನರ ಅಂಕ ಕೆಳಗಿಳಿದಿತ್ತು. ಉಳಿದ ಯಾರದೂ ನೀಲವ್ವನಷ್ಟು ಇಳಿದಿರಲಿಲ್ಲ, ಆದರೆ ಇಳಿದದ್ದು ನಿಜ.

ಇಳಿಯದ ಇಬ್ಬರು ನನ್ನನ್ನು ಸ್ವಲ್ಪ ಹೊತ್ತು ಕಾಡಿದರು. ಆಮೇಲೆ ರಿಜಿಸ್ಟರ್ ತೆಗೆದು ನೋಡಿದೆ. ಒಬ್ಬಳು ಕ್ರಿಸ್‌ಮಸ್ ಸೂಟಿಯಲ್ಲಿ ಜ್ವರದಿಂದ ನಮ್ಮ ವಸತಿಗೃಹದಲ್ಲಿಯೇ ಮಲಗಿದ್ದಳು, ಗಂಡನ ಮನೆಗೆ ಹೋಗಿಯೇ ಇರಲಿಲ್ಲ. ಇನ್ನೊಬ್ಬಳು ತನ್ನ ಸೋದರಮಾವನನ್ನೇ ಮದುವೆಯಾದವಳು. ಅವಳ ಅತ್ತೆ ಅವಳ ಅಜ್ಜಿಯೇ. ಎತ್ತಿ ಆಡಿಸಿದ ಅಜ್ಜಿಯ ಮುಂದೆ ಯಾರು ಬಾಯಿ ಮುಚ್ಚಿಕೊಂಡಿರುತ್ತಾರೆ!

ನೆಲದ ಮೇಲೆ ಕೂತಲ್ಲೇ ನನಗೆ ನಗು ಬಂತು, ಹಿಂದೆಯೇ ನಾಚಿಕೆಯೂ ಆಯಿತು. ಹನ್ನೊಂದು ವರ್ಷ ಮನಶ್ಶಾಸ್ತ್ರ ಪಾಠ ಮಾಡಿದವಳಿಗೆ ಇದು ಹೊಳೆಯಲಿಲ್ಲವೇಕೆ? ಉತ್ತರ ದೂರವಿರಲಿಲ್ಲ. ನಾನು ಹನ್ನೆರಡನೆಯ ವರ್ಷಕ್ಕೆ ವಿಧವೆಯಾದವಳು. ಗಂಡನ ಮನೆಯ ಹೊಸ್ತಿಲು ನೋಡಿದ್ದೇ ನೆನಪಿಲ್ಲ. ಅಣ್ಣನ ಮನೆಯ ಹಿಂದಿನ ಕೋಣೆ, ಅದಾದ ಮೇಲೆ ಈ ವಸತಿಗೃಹ. ಎಲ್ಲಿದ್ದರೂ ನಾನು ಒಂದೇ ತರಹ ಇದ್ದೆ, ಏಕೆಂದರೆ ಬೇರೆ ತರಹ ಇರಲು ನನಗೆ ಇನ್ನೊಂದು ಮನೆಯೇ ಇರಲಿಲ್ಲ. ಅದನ್ನು ಸ್ಥಿರ ಸ್ವಭಾವ ಎಂದುಕೊಂಡು ಹೆಮ್ಮೆಪಟ್ಟುಕೊಂಡಿದ್ದೆ. ಆ ಮಧ್ಯಾಹ್ನ ಬಹಳ ದಣಿವಾಯಿತು.

ಸೋಮವಾರ ಎಲ್ಲವನ್ನೂ ಸಾಹೇಬರ ಮುಂದಿಟ್ಟೆ. ಅವರು ಗಮನವಿಟ್ಟು ನೋಡಿದರು, ಸೋದರಮಾವನ ವಿಷಯಕ್ಕೆ ಮೀಸೆಯಲ್ಲಿ ನಕ್ಕರು. ನಂತರ ಅವರು ಹೇಳಿದ್ದು ನಾನು ನಿರೀಕ್ಷಿಸದ ಮಾತು.

‘ನಿಮ್ಮ ಮಾತು ಒಪ್ಪಿದೆ, ಅಕ್ಕೋರ. ಆಕಿ ಸುಳ್ಳು ಬರದಿಲ್ಲ. ಆದ್ರ ಹೊಸಾ ಸಾಲಿ ಇರೂದು ಯಾವ ಊರಾಗ? ಆಕಿ ಅತ್ತಿಮನಿ ಊರಾಗ. ಅಂದ್ರ ಅಲ್ಲಿ ಆಕಿ ಐದ ಮಾರ್ಕಿನಾಕಿ. ಮನಿಮನಿಗೆ ಹೋಗಿ ಹುಡುಗ್ಯಾರನ್ನ ಸಾಲಿಗೆ ಕರ್ಕೊಂಡು ಬರೂದು ಐದ ಮಾರ್ಕಿನಾಕಿ ಕೈಲೆ ಆಗತದೇನು?’

ನನ್ನ ಲೆಕ್ಕವನ್ನೇ ತೆಗೆದುಕೊಂಡು ನನ್ನನ್ನು ಕಟ್ಟಿಹಾಕಿದ್ದರು. ಬೇರೆ ಊರಿಗೆ ಕೊಡಬಹುದಲ್ಲ ಎಂದರೆ, ಮನೆಯವರು ಕಳಿಸಲು ಒಪ್ಪುತ್ತಾರೆಯೇ ಎಂದು ಕೇಳಿದರು. ಕೊನೆಗೆ, ಹುಡುಗಿಯ ಮಾವನನ್ನು ಕರೆಸಿರಿ, ಅವರ ಬಾಯಿಂದಲೇ ಕೇಳಿ ತೀರ್ಮಾನ ಬರೆಯುತ್ತೇನೆ ಎಂದರು.

ಚನ್ನಬಸಪ್ಪನವರು ಗುರುವಾರ ಚಕ್ಕಡಿ ಕಟ್ಟಿಕೊಂಡು ಬಂದರು. ಅರವತ್ತರ ಹತ್ತಿರದ ಗಟ್ಟಿ ಆಳು, ಬಿಳಿ ರುಮಾಲು, ನಡೆಯುವಾಗ ಎಡಗಾಲು ಸ್ವಲ್ಪ ಎಳೆಯುತ್ತಿತ್ತು. ಕುರ್ಚಿ ಕೊಟ್ಟರೆ ಅದರ ಅಂಚಿನಲ್ಲಿ ಕೂತರು. ಸೊಸೆಯ ಮೇಲೆ ಏನೋ ದೂರು ಬಂದಿದೆ ಎಂದು ತಿಳಿದು ಅವರು ಎದೆ ಗಟ್ಟಿ ಮಾಡಿಕೊಂಡೇ ಬಂದಿದ್ದರು.

‘ನಿಮ್ಮ ಸೊಸಿ ಸ್ವಭಾವ ಹೆಂಗ ಅದ, ಯಜಮಾನ್ರ?’ ಎಂದು ಸಾಹೇಬರು ಕೇಳಿದರು.

‘ಬಂಗಾರದಂಥಾ ಹುಡುಗಿ ಐತ್ರಿ ಸಾಹೇಬರ. ಮದುವ್ಯಾಗಿ ನಾಕ ವರ್ಷ ಆತು. ಇವತ್ತಿನ ತನಕ ಆಕಿ ದನಿ ನನ್ನ ಕಿವಿಗೆ ಬಿದ್ದಿಲ್ಲ. ಏನರ ಬೇಕಂದ್ರ ಅತ್ತಿ ಕಿವ್ಯಾಗ ಹೇಳ್ತಾಳ, ಆಕಿ ನನಗ ಹೇಳ್ತಾಳ. ಅಂಥಾ ಮರ್ಯಾದಿ ನಮ್ಮ ಊರಾಗ ಯಾರ ಸೊಸಿಗೂ ಇಲ್ರಿ.’

ಪಾಪ, ಸೊಸೆಯನ್ನು ಉಳಿಸಲೆಂದು ತಾವು ಬಲ್ಲ ದೊಡ್ಡ ಹೊಗಳಿಕೆಯನ್ನೇ ಅವರು ಹೇಳಿದ್ದರು. ಸಾಹೇಬರು ಒಂದೊಂದೇ ಪದವನ್ನು ಬರೆದುಕೊಂಡರು. ನಾಲ್ಕು ವರ್ಷ, ದನಿ ಕೇಳಿಲ್ಲ. ಬರೆದು ಮುಗಿಸಿ ನನ್ನ ಕಡೆ ನೋಡಿದರು. ನೀಲವ್ವನ ಓದು ಮುಗಿಯಿತು ಎಂದು ನನಗೆ ಖಾತ್ರಿಯಾಯಿತು.

ಆಗ ನಾನು ಮಾಡಿದ್ದಕ್ಕೆ ಯಾವ ಪುಸ್ತಕದ ಆಧಾರವೂ ಇರಲಿಲ್ಲ. ಅಂದು ಮೂರನೆಯ ತಾಸಿಗೆ ಪ್ರಾಕ್ಟೀಸಿಂಗ್ ಸ್ಕೂಲಿನಲ್ಲಿ, ಅಂದರೆ ನಮ್ಮ ಹುಡುಗಿಯರು ಪಾಠ ಹೇಳಿ ಕಲಿಯುವ ಚಿಕ್ಕ ಶಾಲೆಯಲ್ಲಿ, ನೀಲವ್ವನ ಪಾಠವಿತ್ತು. ‘ಇಬ್ಬರೂ ಇಪ್ಪತ್ತು ನಿಮಿಷ ನನ್ನ ಜೋಡಿ ಬರ್ರಿ’ ಎಂದೆ. ವರ್ಗದ ಹಿಂದಿನ ಪಡಸಾಲೆಯಲ್ಲಿ, ಕಿಟಕಿಯ ಕೆಳಗೆ ಒಂದು ಬೆಂಚು ಇತ್ತು. ಅಲ್ಲಿ ಕೂತರೆ ಒಳಗಿನ ಮಾತೆಲ್ಲ ಕೇಳಿಸುತ್ತದೆ, ಯಾರೂ ಕಾಣುವುದಿಲ್ಲ. ಸಾಹೇಬರನ್ನೂ ಚನ್ನಬಸಪ್ಪನವರನ್ನೂ ಒಂದೇ ಬೆಂಚಿನ ಮೇಲೆ ಕೂರಿಸಿದೆ. ಒಳಗೆ ಯಾರ ಪಾಠವೆಂದು ಚನ್ನಬಸಪ್ಪನವರಿಗೆ ಹೇಳಲಿಲ್ಲ. ಹೊರಗೆ ಯಾರಿದ್ದಾರೆಂದು ನೀಲವ್ವನಿಗೂ ಗೊತ್ತಿರಲಿಲ್ಲ.

ಅಂದಿನ ಪಾಠ ನಾರುಹುಣ್ಣಿನದು. ಮೆಟ್ಟಿಲಿಳಿದು ನೀರು ತುಂಬುವ ಬಾವಿಗಳಿಂದ ಬರುವ ಆ ರೋಗ ಆಗ ನಮ್ಮ ಹಳ್ಳಿಗಳಲ್ಲಿ ಮನೆಮನೆಗೂ ಇತ್ತು. ಕಾಲಿನಿಂದ ದಾರದಂಥ ಹುಳ ಹೊರಗೆ ಬರುತ್ತದೆ, ತಿಂಗಳುಗಟ್ಟಲೆ ಮನುಷ್ಯ ಏಳುವಂತಿಲ್ಲ. ನೀಲವ್ವ ಪುಸ್ತಕದಲ್ಲಿದ್ದಂತೆ ಹೇಳಲಿಲ್ಲ. ತಾನೇ ನೀರು ತರುವ ಹೆಂಗಸಾದಳು, ತಾನೇ ಮನೆಯ ಹಿರಿಯನಾದಳು.

‘ನೀರು ಸೋಸಂತ ಅಕ್ಕೋರು ಹೇಳ್ಯಾರ ಅಂದ್ರ ಮನ್ಯಾಗ ಹಿರೇರು ಏನಂತಾರ?’ ಎಂದು ಕೇಳಿ, ದನಿ ದಪ್ಪ ಮಾಡಿ ತಾನೇ ಅಂದಳು, ‘ನಮ್ಮಪ್ಪ ಸೋಸ್ಲಿಲ್ಲ, ನಮ್ಮಜ್ಜ ಸೋಸ್ಲಿಲ್ಲ, ನಿಂದೇನಲೇ ಹೊಸಾದು!’ ಮಕ್ಕಳು ಹೋ ಎಂದು ನಕ್ಕವು. ಅವಳೂ ನಕ್ಕಳು, ಗೋಡೆಗೆ ಬಡಿದು ಬರುವಷ್ಟು ಜೋರಾಗಿ. ‘ಆಗ ನೀವು ಏನನ್ನಬೇಕು? ಅಜ್ಜ, ನಿನ್ನ ಕಾಲು ತೋರಸು ಅನ್ನಬೇಕು. ಕಾಲಾಗಿನ ಕಲೆ ಎಣಿಸಬೇಕು. ಎಷ್ಟ ಕಲೆ ಅದಾವೋ ಅಷ್ಟ ಸರ್ತಿ ಅಜ್ಜ ನೀರು ಸೋಸಿಲ್ಲ!’

ನಾನು ಚನ್ನಬಸಪ್ಪನವರ ಕಡೆ ನೋಡಿದೆ. ಅವರು ಎಡಗಾಲನ್ನು ಧೋತರದ ಒಳಗೆ ಎಳೆದುಕೊಳ್ಳುತ್ತಿದ್ದರು. ಮೊಣಕಾಲ ಕೆಳಗೆ ಮೂರು ಕಲೆಗಳಿದ್ದವು. ಮುಖದಲ್ಲಿ ಸಿಟ್ಟಿರಲಿಲ್ಲ. ಸಿಕ್ಕಿಬಿದ್ದವರಂತೆ ನಗುತ್ತಿದ್ದರು.

‘ಭಾಳ ಛಲೋ ಹೇಳ್ತಾರ್ರಿ’ ಎಂದು ಮೆಲ್ಲಗೆ ಅಂದರು. ‘ಯಾರ್ರಿ ಈ ಅಕ್ಕೋರು?’

‘ನಿಮ್ಮ ನೀಲವ್ವ’ ಎಂದೆ.

ಅವರು ನಂಬಲಿಲ್ಲ. ಎದ್ದು ಕಿಟಕಿಯ ಮೂಲೆಯಿಂದ ಒಂದು ಕ್ಷಣ ಇಣುಕಿದರು, ಮತ್ತೆ ಕೂತರು. ರುಮಾಲು ತೆಗೆದು ತೊಡೆಯ ಮೇಲೆ ಇಟ್ಟುಕೊಂಡು ತಲೆ ಬಗ್ಗಿಸಿ ಕೇಳಿದರು. ಸಾಹೇಬರು ಒಳಗಿನ ಪಾಠಕ್ಕಿಂತ ಹೆಚ್ಚಾಗಿ ಅವರನ್ನೇ ನೋಡುತ್ತಿದ್ದರು.

ಗಂಟೆ ಹೊಡೆಯಿತು. ಚನ್ನಬಸಪ್ಪನವರು ಸಾಹೇಬರ ಕಡೆ ತಿರುಗಿ, ‘ಸಾಹೇಬರ, ಈಕಿನ್ನ ನಮ್ಮ ಊರಾಗ ಹಾಕಬ್ಯಾಡ್ರಿ’ ಎಂದರು.

ಎಲ್ಲ ಕೆಟ್ಟಿತು ಎಂದುಕೊಂಡೆ. ಸೊಸೆ ಹಿರಿಯರನ್ನು ಅಣಕಿಸಿದ್ದನ್ನು ಕೇಳಿ ಮನಸ್ಸಿಗೆ ಹತ್ತಿದೆ, ಇನ್ನು ಚಕ್ಕಡಿ ಹತ್ತಿಸಿಕೊಂಡು ಹೋಗುತ್ತಾರೆ. ಹಾಗಂದುಕೊಂಡು ನಾನು ಏನೋ ಹೇಳಲು ಹೊರಟೆ. ಅವರು ಕೈ ಎತ್ತಿ ತಡೆದರು.

‘ಅಲ್ಲಿ ನಾ ಇರ್ತೇನ್ರಿ. ನಾ ಇದ್ರ ಆಕಿ ಬಾಯಿ ಮುಚ್ಚತಾಳ. ನಾ ಅಲ್ಲದಿದ್ರ ಇನ್ನೊಬ್ಬ ಹಿರ್ಯಾ. ಅರ್ಧಾ ಊರು ನಮ್ಮ ಬೀಗರ ಐತಿ. ನವಲಗುಂದ ಕಡೆ ಎಲ್ಲ್ಯರ ಕೊಡ್ರಿ, ಯಾರೂ ನಮ್ಮವರು ಇರದ ಊರಾಗ. ನನ್ನ ಮಗನ್ನ ಜೋಡಿ ಕಳಸ್ತೇನಿ. ಅಂವಾ ಹೊಲದಾಗ ಇದ್ರೂ ಕೈ ನೋಡ್ಕೋತ ಕೂಡ್ತಾನ.’

‘ನಿಮ್ಮ ಊರಿನ ಸಾಲಿ?’ ಎಂದರು ಸಾಹೇಬರು.

‘ಅದಕ್ಕ ಊರಾಗಿನ ಯಾರದರ ಮಗಳನ್ನ ಕಳಸ್ರಿ. ನಮ್ಮ ಊರಿನ ಸೊಸಿ ಬ್ಯಾಡ.’

ಆ ಶಾಲೆಗಾಗಿ ಎರಡು ವರ್ಷ ಓಡಾಡಿದವರು ಅವರು. ಸೊಸೆಯೇ ಊರಿಗೆ ಅಕ್ಕೋರಾಗಿ ಬಂದರೆ ಮನೆಗೆ ಎಷ್ಟು ಮಾನ ಎಂದು ಅವರಿಗೆ ಗೊತ್ತಿತ್ತು. ಮಗನೂ ಕಣ್ಣ ಮುಂದೆ ಇರುತ್ತಿದ್ದ. ಎಲ್ಲವನ್ನೂ ಆ ಬೆಂಚಿನ ಮೇಲೆಯೇ ಬಿಟ್ಟುಕೊಟ್ಟರು. ಸಾಹೇಬರು ತಮ್ಮ ಕಾಗದದಲ್ಲಿ ಮೊದಲು ಬರೆದದ್ದನ್ನು ಹೊಡೆದುಹಾಕಿದರು. ಬದಲಿಗೆ ಬರೆದದ್ದು ಎರಡೇ ಸಾಲು, ಎರಡನೆಯ ವರ್ಷಕ್ಕೆ ಸೇರಿಸಬೇಕು, ಕೆಲಸವನ್ನು ಬೇರೆ ತಾಲೂಕಿನಲ್ಲಿ ಕೊಡಬೇಕು ಎಂದು.

ನೀಲವ್ವ ಕೈತುಂಬ ಖಡುವಿನ, ಅಂದರೆ ಸೀಮೆಸುಣ್ಣದ, ಪುಡಿ ಮಾಡಿಕೊಂಡು ಹೊರಗೆ ಬಂದಳು. ಮಾವನನ್ನು ನೋಡಿದ್ದೇ ತಡ ಸೆರಗು ಹಣೆಗೆ ಬಂತು, ತಲೆ ಬಗ್ಗಿತು, ನನ್ನ ಹಿಂದೆ ಸರಿದು ನಿಂತಳು. ಒಂದು ನಿಮಿಷದ ಹಿಂದೆ ಕೇಳಿದ ದನಿ ಅವಳದೇ ಎಂದರೆ ಆಗ ನಾನೂ ನಂಬುತ್ತಿರಲಿಲ್ಲ.

ಅವರ ನಡುವೆ ಎರಡು ಮೊಳ ದೂರವಿರಲಿಲ್ಲ. ಆದರೂ ಚನ್ನಬಸಪ್ಪನವರು ಮಾತಾಡಿದ್ದು ನನ್ನೊಂದಿಗೆ. ‘ಅಕ್ಕೋರ, ಆಕಿಗೆ ಹೇಳ್ರಿ. ನಾರುಹುಣ್ಣಿನ ಮಾತು ಖರೇ ಐತಿ. ನಾಳಿಂದ ನಮ್ಮ ಮನ್ಯಾಗ ನೀರು ಸೋಸ್ತೇವಂತ.’

ನಾನು ತಿರುಗಿ ಹೇಳಿದೆ. ಅವಳು ಕೇಳಿಸಿಕೊಂಡೇ ಇದ್ದಳು. ಆಮೇಲೆ ನನ್ನ ಬೆನ್ನ ಹಿಂದಿನಿಂದ ಸಣ್ಣದಾಗಿ, ಆದರೆ ಸ್ಪಷ್ಟವಾಗಿ ಮಾತು ಬಂತು. ‘ಸೋಸೂ ಅರಿಬಿ ಎರಡು ಪದರ ಇರಬೇಕಂತ ಹೇಳ್ರಿ, ಅಕ್ಕೋರ.’

ನಾನು ಹೇಳುವ ಮೊದಲೇ ಅವರು, ‘ಎರಡು ಪದರ’ ಎಂದು ತಲೆಯಾಡಿಸಿದರು. ರುಮಾಲು ಸುತ್ತಿಕೊಂಡು ಚಕ್ಕಡಿಯ ಕಡೆ ಹೋದರು.

ನೀಲವ್ವ ಮರುವರ್ಷ ಪಾಸಾಗಿ ನವಲಗುಂದದ ಕಡೆ ಒಂದು ಕರಿಮಣ್ಣಿನ ಹಳ್ಳಿಗೆ ಹೋದಳು. ಗಂಡ ಎಡಗೈಯಿಂದ ಶಾಲೆಯ ಗಂಟೆ ಬಾರಿಸುತ್ತಾನೆ, ರೊಟ್ಟಿಯನ್ನೂ ಬಡಿಯಲು ಕಲಿತಿದ್ದಾನೆ ಎಂದು ಒಮ್ಮೆ ಕಾಗದ ಬರೆದಿದ್ದಳು. ಸಾಹೇಬರ ಪರೀಕ್ಷೆ ಆ ವರ್ಷಕ್ಕೇ ನಿಂತಿತು. ನನ್ನ ವಾದ ಗೆದ್ದಿದ್ದರಿಂದಲ್ಲ, ಯುದ್ಧಕಾಲದಲ್ಲಿ ಕಾಗದ ಸಿಗದೇ ಹೋಗಿದ್ದರಿಂದ. ಗೆದ್ದೆ ಎಂದುಕೊಳ್ಳಲು ನನಗೂ ಶಕ್ತಿ ಇರಲಿಲ್ಲ. ವಸತಿಗೃಹದಲ್ಲಿ ಬೇಳೆ ಮುಗಿದೇ ಇತ್ತು.

ಆಮೇಲೆ ಇನ್ನೂ ಹದಿನೇಳು ವರ್ಷ ಅದೇ ಕೆಲಸ ಮಾಡಿದೆ. ಬೇರೆ ಬೇರೆ ಹೆಸರಿನ ಪರೀಕ್ಷೆಗಳು ಬಂದವು, ಹೋದವು. ಒಬ್ಬರ ಬಗ್ಗೆ ಎರಡು ಉತ್ತರ ಬಂದಾಗಲೆಲ್ಲ ಯಾವುದು ಸುಳ್ಳು ಎಂದು ಹುಡುಕುವ ಕೆಲಸ ನಾನು ಬಿಟ್ಟೆ. ಉತ್ತರ ಬರೆಯುವಾಗ ಅವರ ಮನಸ್ಸಿನಲ್ಲಿ ಎದುರಿಗೆ ಯಾರು ಕೂತಿದ್ದರು ಎಂದು ಮೊದಲು ಕೇಳುತ್ತಿದ್ದೆ. ಇಷ್ಟು ತಿಳಿಯಲು ನನಗೆ ಎಪ್ಪತ್ತೆರಡು ಕಾಗದ ಬೇಕಾದವು. ಎದುರಿಗೆ ಕೂತಿದ್ದವರು ತಾವೇ ಎಂದು ತಿಳಿದು ಎದ್ದು ದಾರಿ ಬಿಡಲು ಚನ್ನಬಸಪ್ಪನವರಿಗೆ ಇಪ್ಪತ್ತು ನಿಮಿಷ ಸಾಕಾಯಿತು.